ಮಾಸ್ಕ್ ಹಾಕಿ ಬರೆದ ಪರೀಕ್ಷೆ



2020ರ ಮಾರ್ಚ್ ತಿಂಗಳನ್ನು ನಾವು ಮರೆಯಲು ಆದೀತೇ? ಕೊರೊನಾ ಬಂತು. ಲಾಕ್‌ಡೌನ್ ಆಯಿತು. ಬಸ್ಸು ನಿಂತಿತು. ಕೂಲಿ ನಿಂತಿತು. ಶಾಲೆಗೆ ಬೀಗ ಬಿತ್ತು.

ಮಾರ್ಚ್ 27ಕ್ಕೆ ಎಸ್.ಎಸ್.ಎಲ್.ಸಿ. ಪರೀಕ್ಷೆ ಶುರುವಾಗಬೇಕಿತ್ತು. ಅದನ್ನು ಮುಂದೆ ಹಾಕಿದರು. ಆಮೇಲೆ ಸರ್ಕಾರ, ಜೂನ್ 25ರಿಂದ ಪರೀಕ್ಷೆ ಎಂದಿತು. ಬರೆಯುವ ಮಕ್ಕಳು ಎಂಟು ಲಕ್ಷಕ್ಕೂ ಹೆಚ್ಚು.

ನಮ್ಮಲ್ಲೇ ಎರಡು ಮಾತು ಎದ್ದವು.

"ಮಗಳಿಗೆ ರೋಗ ತಗುಲಿದ್ರೆ ಏನು ಗತಿ? ಪರೀಕ್ಷೆ ಬೇಡ."

"ಪರೀಕ್ಷೆ ಇಲ್ಲ ಅಂದ್ರೆ ಓದು ನಿಲ್ಲುತ್ತೆ. ಮದುವೆ ಮಾಡಿಬಿಡ್ತಾರೆ."

ಎರಡೂ ತಾಯಿ ಕರುಳಿನ ಮಾತೇ.

ಪರೀಕ್ಷೆ ಬೇಡ ಎಂದವರು ಹೈಕೋರ್ಟಿಗೆ ಹೋದರು. ಅಲ್ಲಿ ತಡೆ ಸಿಗಲಿಲ್ಲ. ದೆಹಲಿಯ ಸುಪ್ರೀಂ ಕೋರ್ಟಿಗೂ ಅರ್ಜಿ ಹೋಯಿತು. ಜೂನ್ 17ರಂದು ಅದೂ ವಜಾ ಆಯಿತು. ಪರೀಕ್ಷೆ ನಡೆಯಿತು.

ಆದರೆ ನಿಯಮ ಬಿಗಿಯಾಗಿತ್ತು. ಎಲ್ಲ ಮಕ್ಕಳೂ ಮಾಸ್ಕ್ ಹಾಕಬೇಕು. ಬಾಗಿಲಲ್ಲೇ ಜ್ವರ ನೋಡಬೇಕು. ದೂರ ದೂರ ಕೂರಬೇಕು. ಜ್ವರ ಇದ್ದವರಿಗೆ ಬೇರೆ ಕೋಣೆ. ಬರಲು ಆಗದವರು ಪೂರಕ ಪರೀಕ್ಷೆ ಬರೆಯಬಹುದು. ಅದು ಮೊದಲ ಸಲ ಬರೆದ ಲೆಕ್ಕವೇ.

ಮಾಸ್ಕ್ ಯಾಕೆ? ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ ಸಣ್ಣ ಹನಿಗಳು ಹಾರುತ್ತವೆ. ಕಣ್ಣಿಗೆ ಕಾಣದ ಹನಿಗಳೂ ಇರುತ್ತವೆ. ಅವುಗಳ ಜೊತೆ ರೋಗವೂ ಹರಡುತ್ತದೆ. ಮಾಸ್ಕ್ ಅದನ್ನು ಕಡಿಮೆ ಮಾಡುತ್ತದೆ. ಮೂಗು, ಬಾಯಿ, ಗಲ್ಲ ಮೂರೂ ಮುಚ್ಚಬೇಕು. ಕುತ್ತಿಗೆಗೆ ಇಳಿಸಿದರೆ ಉಪಯೋಗವಿಲ್ಲ. ಬಟ್ಟೆ ಮಾಸ್ಕನ್ನು ದಿನಾ ಸೋಪಿನಲ್ಲಿ ಒಗೆದು ಒಣಗಿಸಬೇಕು. ಎಷ್ಟೋ ಕಡೆ ಸ್ವಸಹಾಯ ಸಂಘದ ನಮ್ಮಂಥ ಹೆಂಗಸರೇ ಮಾಸ್ಕ್ ಹೊಲಿದರು.

ಪರೀಕ್ಷೆಯ ದಿನಗಳಲ್ಲಿ ಕೆಲವು ಮಕ್ಕಳಿಗೆ ಸೋಂಕು ಇರುವುದು ಗೊತ್ತಾಯಿತು. ಹೆದರಿದ ತಾಯಂದಿರ ಮಾತು ಸುಳ್ಳಾಗಿರಲಿಲ್ಲ. ಆಗಸ್ಟ್ 10ರಂದು ಫಲಿತಾಂಶ ಬಂತು. ನೂರಕ್ಕೆ ಸುಮಾರು 72 ಮಕ್ಕಳು ಪಾಸಾದರು. ಓದು ನಿಲ್ಲಬಾರದು ಎಂದವರ ಮಾತೂ ಸುಳ್ಳಾಗಲಿಲ್ಲ.

ಇದರಿಂದ ನಾವು ಏನು ಕಲಿತೆವು? ನಿಯಮ ಸರಿ ಇಲ್ಲ ಅನ್ನಿಸಿದರೆ ಕೇಳಬಹುದು. ಮೊದಲು ಹೆಡ್‌ಮಾಸ್ತರರನ್ನು ಕೇಳೋಣ. ಶಾಲಾಭಿವೃದ್ಧಿ ಸಮಿತಿಯಲ್ಲಿ ಮಾತಾಡೋಣ. ಬೇಕಾದರೆ ಕೋರ್ಟಿಗೂ ಹೋಗಬಹುದು. ಕೋರ್ಟು ಎಂದರೆ ದುಡ್ಡಿದ್ದವರಿಗೆ ಮಾತ್ರ ಅಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಉಚಿತ ವಕೀಲರ ನೆರವು ಉಂಟು. ಅದಕ್ಕೆ ಆದಾಯದ ಮಿತಿ ಇಲ್ಲ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಬೇಕು.

ಅರ್ಜಿ ಕೋರ್ಟಿನಲ್ಲಿದೆ ಎಂದು ನಿಯಮ ಬಿಡುವಂತಿಲ್ಲ. ಕೋರ್ಟು ತಡೆ ಕೊಡುವ ತನಕ ಪಾಲಿಸಬೇಕು. ಕೇಳುವುದೂ ನಮ್ಮ ಹಕ್ಕು. ಪಕ್ಕದ ಮಗುವನ್ನು ಕಾಯುವುದೂ ನಮ್ಮ ಕೆಲಸ.

ಹೊಸ ಪದಗಳು
ಅರ್ಜಿ – ಬರೆದು ಕೇಳುವ ಕೋರಿಕೆ
ತಡೆ – ಸದ್ಯಕ್ಕೆ ನಿಲ್ಲಿಸು ಎಂಬ ಆದೇಶ
ವಜಾ – ಅರ್ಜಿಯನ್ನು ಒಪ್ಪದೆ ತಳ್ಳಿಹಾಕುವುದು

ಮಾತಾಡೋಣ, ಬರೆಯೋಣ
1. ಮಾಸ್ಕ್ ಏನೇನು ಮುಚ್ಚಬೇಕು?
2. ಹೆಂಗಸರಿಗೆ ಉಚಿತ ವಕೀಲರ ನೆರವು ಎಲ್ಲಿ ಸಿಗುತ್ತದೆ?
3. ಆಗ ನೀವು ಯಾವ ಮಾತಿನ ಕಡೆ ಇದ್ದಿರಿ? ಎರಡು ಸಾಲು ಬರೆಯಿರಿ.