ಹೈದರಾಬಾದಿಗೆ ಡೇಟಾ ಪ್ರತಿ: ವೇಗದ ಮಿತಿ ಎಷ್ಟಿರಬೇಕು?

ಮುಖ್ಯ ಸ್ಟೋರೇಜ್ ಬೆಂಗಳೂರಿನಲ್ಲಿ, ಅವಘಡಕ್ಕೆಂದು ಇನ್ನೊಂದು ಪ್ರತಿ ಹೈದರಾಬಾದಿನಲ್ಲಿ. ಪ್ರತಿ ಕಳಿಸುವ ರೆಪ್ಲಿಕೇಶನ್‌ಗೆ ಲಗಾಮಿಲ್ಲದಿದ್ದರೆ ಲಿಂಕನ್ನೆಲ್ಲ ಅದೇ ನುಂಗಿ, ಕಚೇರಿಯ ಇಮೇಲ್, ವಿಡಿಯೊ ಸಭೆ ತೆವಳುತ್ತವೆ. ಲಗಾಮು ಅತಿಯಾದರೆ ಹೈದರಾಬಾದಿನ ಪ್ರತಿ ಹಿಂದೆ ಬೀಳುತ್ತದೆ. ಮಿತಿ ನಿಗದಿ ಮಾಡುವ ಕ್ರಮ ಹೀಗಿದೆ.

1. ನಷ್ಟದ ಮಿತಿ ಮೊದಲು: ಅವಘಡವಾದರೆ ಎಷ್ಟು ಹೊತ್ತಿನ ಡೇಟಾ ಹೋದರೂ ತಾಳಬಹುದು? ಇದೇ ಆರ್‌ಪಿಒ. ಇದನ್ನು ಐಟಿ ವಿಭಾಗವೊಂದೇ ನಿರ್ಧರಿಸುವಂತಿಲ್ಲ, ವ್ಯವಹಾರ ನೋಡುವವರನ್ನೂ ಕೇಳಿ. ಇಲ್ಲಿ ಒಂದು ಗಂಟೆ ಎಂದಿಟ್ಟುಕೊಳ್ಳೋಣ.

2. ಬದಲಾವಣೆ ಅಳೆಯಿರಿ: ಒಟ್ಟು ಡೇಟಾ ಎಷ್ಟಿದೆ ಎಂಬುದಲ್ಲ, ಗಂಟೆಗೆ ಎಷ್ಟು ಬದಲಾಗುತ್ತದೆ ಎಂಬುದು ಮುಖ್ಯ. ತಿಂಗಳ ಕೊನೆಯ ದಿನಗಳನ್ನೂ ಸೇರಿಸಿ ಅಳೆಯಿರಿ.

3. ಬಿಟ್, ಬೈಟ್ ಬೆರೆಸಬೇಡಿ: ಲಿಂಕಿನ ವೇಗ ಮೆಗಾಬಿಟ್‌ನಲ್ಲಿರುತ್ತದೆ, ಡೇಟಾ ಬೈಟ್‌ನಲ್ಲಿ. 8ರಿಂದ ಭಾಗಿಸಿ. 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 5 ಎಂಬಿ, ಗಂಟೆಗೆ 18 ಜಿಬಿ.

4. ಲೆಕ್ಕ ಹಾಕಿ: ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಗಂಟೆಗೆ 25 ಜಿಬಿ ಬದಲಾಗುತ್ತದೆ ಎನ್ನಿ. 40 ಎಂಬಿಪಿಎಸ್ ಮಿತಿಯಲ್ಲಿ ಗಂಟೆಗೆ 7 ಜಿಬಿ ಉಳಿದು, ರಾತ್ರಿ 8ಕ್ಕೆ ಬಾಕಿ 84 ಜಿಬಿ. ಅಂದರೆ ಹೈದರಾಬಾದಿನ ಪ್ರತಿಯು ಮೂರು ಗಂಟೆಗೂ ಹೆಚ್ಚು ಹಿಂದಿದೆ. ಮಿತಿಯನ್ನು 52ಕ್ಕೆ ಏರಿಸಿದರೆ ಬಾಕಿ ಸುಮಾರು 19 ಜಿಬಿ, ಮುಕ್ಕಾಲು ಗಂಟೆಯಷ್ಟು. ರಾತ್ರಿ ಮಿತಿ ಸಡಿಲಿಸಿದರೆ ಅದೂ ತೀರುತ್ತದೆ.

5. ಮಿತಿ ಹಂಚಿ: ನೆಟ್‌ಆ್ಯಪ್‌ನ ರೆಪ್ಲಿಕೇಶನ್ ಸಾಧನವಾದ ಸ್ನ್ಯಾಪ್‌ಮಿರರ್‌ನಲ್ಲಿ ಥ್ರಾಟಲ್ (ವೇಗದ ಮಿತಿ) ಸೆಕೆಂಡಿಗೆ ಕಿಲೋಬೈಟ್ ಲೆಕ್ಕದಲ್ಲಿದೆ. 52 ಎಂಬಿಪಿಎಸ್ ಎಂದರೆ 6500. ಮಿತಿಯನ್ನು ಮೂಲ ವಾಲ್ಯೂಮ್ ಮತ್ತು ಅದರ ಪ್ರತಿಯ ಒಂದೊಂದು ಜೋಡಿಗೂ ಹಾಕುವುದಾದರೆ ಹತ್ತು ಜೋಡಿಗಳಿಗೆ ತಲಾ 650. ಜೋಡಿಯ ಮಿತಿ ಬದಲಿಸಿದರೆ ಅದು ಮುಂದಿನ ವರ್ಗಾವಣೆಯಿಂದಷ್ಟೇ ಜಾರಿ. ಹೀಗಾಗಿ ರಾತ್ರಿ ಶುರುವಾದ ದೊಡ್ಡ ವರ್ಗಾವಣೆ ಬೆಳಿಗ್ಗೆ 8 ದಾಟದಂತೆ ವೇಳಾಪಟ್ಟಿ ಹಾಕಿ.

6. ಮೊದಲ ಪ್ರತಿ ಬೇರೆ ದಾರಿಯಲ್ಲಿ: 40 ಎಂಬಿಪಿಎಸ್‌ನಲ್ಲಿ 1 ಟಿಬಿ ಹೋಗಲು ಸುಮಾರು 56 ಗಂಟೆ ಬೇಕು. ಹತ್ತಾರು ಟಿಬಿ ಇದ್ದರೆ ಮೊದಲ ಪ್ರತಿಯನ್ನು ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್‌ನಲ್ಲೇ ಕಳಿಸುವುದು ಮೇಲು.

7. ಹಿಂದುಳಿಕೆಗೆ ಎಚ್ಚರಿಕೆ ಗಂಟೆ: ಹೈದರಾಬಾದಿನ ಪ್ರತಿಯು 45 ನಿಮಿಷಕ್ಕಿಂತ ಹೆಚ್ಚು ಹಿಂದೆ ಬಿದ್ದರೆ ಸಂದೇಶ ಬರುವಂತೆ ಮಾಡಿ.

ಎಲ್ಲ ಲೆಕ್ಕದ ಬಳಿಕವೂ ಬಾಕಿ ಬೆಳಿಗ್ಗೆಯೊಳಗೆ ತೀರದಿದ್ದರೆ ಮಿತಿ ತಿದ್ದುತ್ತ ಕೂರಬೇಡಿ, ದೊಡ್ಡ ಲಿಂಕ್ ಕೇಳಿ. ಮೇಲಿನ ಲೆಕ್ಕವನ್ನೇ ಕೋರಿಕೆಯ ಜೊತೆ ಲಗತ್ತಿಸಿ.