ಕಣಗಿಲೆ: ಅಂಗಳದ ಚೆಲುವು, ಮನೆಯವರ ಎಚ್ಚರ

ಬೇಸಿಗೆ ಬಂತೆಂದರೆ ನೀರಿನ ಟ್ಯಾಂಕರಿನ ಹಾದಿ ಕಾಯುವುದು ಕೂಕಟ್‌ಪಲ್ಲಿಯ ನಮ್ಮಂಥವರಿಗೆ ಹೊಸದಲ್ಲ. ಬಳಸುವ ನೀರಿಗೇ ಲೆಕ್ಕವಿಡಬೇಕಾದಲ್ಲಿ ಹೂದೋಟದ ಆಸೆ ದುಬಾರಿಯೆನಿಸುವುದು ಸಹಜ. ಅಂಥವರಿಗೆ ಒದಗಿಬರುವ ಗಿಡ ಕಣಗಿಲೆ. ಸಂಸ್ಕೃತದಲ್ಲಿ ಇದು ಕರವೀರ. ನಮ್ಮ ತೆಲುಗು ನೆರೆಯವರಿಗೆ ಗನ್ನೇರು.

ಬರವನ್ನು ಸಹಿಸುವ ಗುಟ್ಟು ಇದರ ಎಲೆಯಲ್ಲಿದೆ. ತೊಗಲಿನಂತೆ ದಪ್ಪನಾದ ಎಲೆಯ ಅಡಿಭಾಗದಲ್ಲಿ ಸಣ್ಣ ಕುಳಿಗಳಿದ್ದು, ಉಸಿರಾಡುವ ರಂಧ್ರಗಳು ಅವುಗಳೊಳಗೆ ರೋಮಗಳ ಮರೆಯಲ್ಲಿರುತ್ತವೆ. ಆದಕಾರಣ ಬಿಸಿಗಾಳಿಗೆ ನೀರು ಬೇಗನೆ ಆರಿಹೋಗದು. 1945ರ ಅಣುಬಾಂಬಿಗೆ ಸುಟ್ಟ ಹಿರೋಶಿಮಾದಲ್ಲಿ ಮೊದಮೊದಲು ಅರಳಿದ ಹೂಗಳಲ್ಲಿ ಇದೂ ಒಂದು. 1973ರಲ್ಲಿ ಆ ನಗರವು ಇದನ್ನೇ ತನ್ನ ನಗರಪುಷ್ಪವಾಗಿ ಆರಿಸಿಕೊಂಡಿತು.

ಬೆಳೆಸುವ ಕ್ರಮ ಸುಲಭ. ಮಳೆಗಾಲದ ಆರಂಭದಲ್ಲಿ ಗೇಣುದ್ದದ ಕಡ್ಡಿಯನ್ನು ಬಿಸಿಲು ಬೀಳುವ, ನೀರು ನಿಲ್ಲದ ಕಡೆ ನೆಡಬೇಕು. ಬೇರೂರುವ ತನಕ ನೀರೆರೆದರೆ ನೆಲದ ಗಿಡ ಮುಂದೆ ಅಲ್ಪ ನೀರಿನಲ್ಲೇ ಬಾಳುತ್ತದೆ; ಕುಂಡದ ಗಿಡಕ್ಕೆ ಮಾತ್ರ ಹೆಚ್ಚು ಬೇಕು. ಹೂ ಮುಗಿದೊಡನೆ ರೆಂಬೆಗಳನ್ನು ಸವರಿದರೆ ಹೊಸ ಚಿಗುರಿನಲ್ಲಿ ಮತ್ತೆ ಹೂ ಬರುತ್ತದೆ.

ಆದರೆ ಜಮೆಯ ಎದುರಿಗೆ ಖರ್ಚಿನ ಪುಟವೂ ಇದೆ. ಕಳೆದ ವರ್ಷ ನೆರೆಮನೆಯ ಮಗುವೊಂದು ನಮ್ಮ ಗಿಡದ ಎಲೆಗಳನ್ನು ಹರಿದು, ಆಟದ ತಟ್ಟೆಯಲ್ಲಿ ಪಲ್ಯವೆಂದು ಬಡಿಸುತ್ತಿದ್ದುದನ್ನು ಕಂಡು ನನ್ನ ಎದೆ ಝಲ್ಲೆಂದಿತು. ಪುಣ್ಯಕ್ಕೆ ಅದು ಬಾಯಿಗೆ ಹೋಗಿರಲಿಲ್ಲ. ಅಂದೇ ಬಾಗಿಲ ಬಳಿಯ ಕುಂಡವು ಬೀಗವಿರುವ ಮಹಡಿಗೆ ಏರಿತು.

ಕಣಗಿಲೆಯ ಎಲೆ, ಹೂ, ಕಾಂಡ, ಬೇರು, ಹಾಲು ಎಲ್ಲವೂ ವಿಷ. ಒಣಗಿಸಿದರೂ ಕುದಿಸಿದರೂ ಅದು ಹೋಗದು. ಇದರಲ್ಲಿನ ಓಲಿಯಾಂಡ್ರಿನ್ ಮೊದಲಾದ ದ್ರವ್ಯಗಳು ಹೃದಯದ ಬಡಿತವನ್ನು ಏರುಪೇರು ಮಾಡುತ್ತವೆ. ವಾಂತಿ, ಹೊಟ್ಟೆನೋವು, ತಲೆಸುತ್ತು, ನಾಡಿ ನಿಧಾನವಾಗುವುದು ಇವು ಲಕ್ಷಣಗಳು. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ಹಾಗೂ ಮಲಬಾರ್ ದೇವಸ್ವಂ ಮಂಡಳಿಗಳು ತಮ್ಮ ದೇವಾಲಯಗಳ ನೈವೇದ್ಯ, ಪ್ರಸಾದಗಳಲ್ಲಿ ಈ ಹೂವನ್ನು ಕೈಬಿಟ್ಟವು.

ಆದ್ದರಿಂದ ಕೆಲವು ನಿಯಮಗಳನ್ನು ತಪ್ಪದೆ ಪಾಲಿಸಬೇಕು. ಗಿಡವು ಮಕ್ಕಳ ಕೈಗೂ ದನಕರುಗಳ ಬಾಯಿಗೂ ಎಟುಕಬಾರದು. ಸವರುವಾಗ ಕೈಗವಸು ಧರಿಸಿ, ಅನಂತರ ಸೋಪಿನಿಂದ ಕೈ ತೊಳೆಯಬೇಕು. ಇದರ ಹೊಗೆಯೂ ಕೆಟ್ಟದ್ದಾದುದರಿಂದ ಕಡಿದ ರೆಂಬೆಗಳನ್ನು ಸುಡಬಾರದು. ಪೂಜೆಯ ಹೂ ಪ್ರಸಾದದೊಡನೆ ಬೆರೆಯಬಾರದು. ಮನೆಮದ್ದಾಗಿ ಎಂದಿಗೂ ಸೇವಿಸಕೂಡದು. ಯಾರಾದರೂ ನುಂಗಿದ್ದರೆ ಬಲವಂತವಾಗಿ ವಾಂತಿ ಮಾಡಿಸದೆ, ಲಕ್ಷಣಗಳಿಗೆ ಕಾಯದೆ, ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೆ ಒಯ್ಯಬೇಕು. ಗಿಡದ ಒಂದು ಎಲೆಯನ್ನೂ ಜೊತೆಗೆ ಕೊಂಡೊಯ್ದರೆ ವೈದ್ಯರಿಗೆ ಅನುಕೂಲ.

ಗಿಡವನ್ನು ಕಿತ್ತೆಸೆಯಬೇಕಾಗಿಲ್ಲ. ನೆಡುವ ಮುನ್ನ ಸ್ಥಳವನ್ನು ಯೋಚಿಸಿದರೆ ಸಾಕು.