ಇತರರಷ್ಟೇ ನಿಮಗೂ ಬೆಲೆಯಿದೆ

ಪಿಯುಸಿ ಫಲಿತಾಂಶದ ದಿನ ಪಕ್ಕದ ಮನೆಯ ಹುಡುಗಿಯ ಅಂಕ ಕೇಳಿ, ತಿರುಗಿ ಸ್ವಂತ ಮಗನ ಮುಖ ನೋಡುವ ಅಭ್ಯಾಸ ನಮ್ಮಿಂದ ಇನ್ನೂ ಹೋಗಿಲ್ಲ. ಆ ಒಂದು ನೋಟ ಮಗುವಿನೊಳಗೆ ವರ್ಷಗಟ್ಟಲೆ ಉಳಿದು, ಅದರ ಆತ್ಮಗೌರವವನ್ನೇ ಕುಗ್ಗಿಸಿಬಿಡಬಹುದು.

ಅಮೆರಿಕದ ಸಮಾಜವಿಜ್ಞಾನಿ ಮಾರಿಸ್ ರೋಸೆನ್‌ಬರ್ಗ್ ಹೈಸ್ಕೂಲು ಮಕ್ಕಳನ್ನು ಅಧ್ಯಯನ ಮಾಡಿ, 1965ರಲ್ಲಿ ಆತ್ಮಗೌರವ ಅಳೆಯಲು 10 ಸರಳ ಹೇಳಿಕೆಗಳ ಪಟ್ಟಿ ಕೊಟ್ಟರು. ಅದು ಇಂದಿಗೂ ಬಳಕೆಯಲ್ಲಿದೆ. ನನಗೆ ತುಂಬ ಹಿಡಿಸಿದ್ದು ಒಂದು ವಿಷಯ: ‘ನಾನು ಎಲ್ಲರಿಗಿಂತ ಮೇಲು’ ಎಂಬ ಭಾವನೆಯನ್ನು ಅವರು ಆತ್ಮಗೌರವ ಎನ್ನಲಿಲ್ಲ. ಇತರರಷ್ಟೇ ನನಗೂ ಬೆಲೆಯಿದೆ, ನನ್ನ ಕೊರತೆ ನನಗೆ ಗೊತ್ತು, ತಿದ್ದಿಕೊಳ್ಳಬಲ್ಲೆ ಎಂಬ ನೆಮ್ಮದಿಯೇ ಅದು. ಅಹಂಕಾರಕ್ಕಾದರೆ ಪಕ್ಕದಲ್ಲಿ ಯಾರಾದರೂ ಸೋತವರು ಬೇಕಾಗುತ್ತದೆ.

ಆತ್ಮಗೌರವ ಬೆಳೆಸಿಕೊಳ್ಳಲು ಕನ್ನಡಿಯ ಮುಂದೆ ನಿಂತು ‘ನಾನೇ ಶ್ರೇಷ್ಠ’ ಎಂದು ಜಪಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಅದಕ್ಕಿಂತ ನಿಮ್ಮೊಳಗಿನ ಮಾತನ್ನು ಗಮನಿಸಿ. ‘ಈ ಸಂದರ್ಶನ ಕೈತಪ್ಪಿತು’ ಎನ್ನುವುದಕ್ಕೂ ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎನ್ನುವುದಕ್ಕೂ ಅಜಗಜಾಂತರ. ಅದೇ ಸಂದರ್ಶನದಲ್ಲಿ ನಿಮ್ಮ ಗೆಳತಿ ಸೋತಿದ್ದರೆ ಅವಳಿಗೆ ಏನು ಹೇಳುತ್ತಿದ್ದಿರಿ? ಅದನ್ನೇ, ಅದೇ ದನಿಯಲ್ಲಿ, ನಿಮಗೂ ಹೇಳಿಕೊಳ್ಳಿ. ಆಮೇಲೆ ಒಂದು ಚಿಕ್ಕ ಕೆಲಸ ಹಿಡಿದು ಮುಗಿಸಿ. ಇಂಗ್ಲಿಷ್ ಭಯವಿದ್ದರೆ ದಿನಕ್ಕೆ ಅರ್ಧ ಪುಟ ಗಟ್ಟಿಯಾಗಿ ಓದಿದರೂ ಸಾಕು.

ಕೀಳರಿಮೆ ವಾರಗಟ್ಟಲೆ ಊಟ, ನಿದ್ದೆ ಕೆಡಿಸುತ್ತಿದ್ದರೆ ಮಾತ್ರ ಒಬ್ಬರೇ ನುಂಗಿಕೊಳ್ಳಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.